ಬಿಬಿಸಿ ಮೈಕ್ರೋಗೆ ಹೊರಗಿನ ಡ್ರೈವ್ ಜೋಡಿಸುವ ಕ್ರಮ

1984ರಲ್ಲಿ ಶುರುವಾದ 'ಕ್ಲಾಸ್' ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್. ಅದರ ಮಾಡೆಲ್ ಬಿ ನಿಮ್ಮ ಕೈಗೆ ಸಿಕ್ಕಿದ್ದರೆ ಕ್ಯಾಸೆಟ್ ಹಾಕಿ ಕಾಯುತ್ತ ಕೂರಬೇಕಿಲ್ಲ. ಹಾಗೆಂದು ಹಳೆಯ ಐದೂಕಾಲು ಇಂಚಿನ ಫ್ಲಾಪಿ ಡ್ರೈವ್ ಹುಡುಕಲೂ ಹೋಗಬೇಡಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮಸಿ, ಬೇಸಿಗೆಯಲ್ಲಿ ಜಗಳೂರು, ಚಿತ್ರದುರ್ಗದ ಕಡೆಯ ಒಣದೂಳು ಹೆಡ್ಡಿನ ಮೇಲೆ ಕೂತರೆ ಡಿಸ್ಕಿನ ಲೇಪವನ್ನೇ ಕೆರೆದುಹಾಕುತ್ತದೆ. ನಮ್ಮೂರಿಗೆ ಫ್ಲಾಪಿ ಡ್ರೈವಿನ ಬದಲಿಗೆ ನಿಲ್ಲುವ, ಪೆನ್‌ಡ್ರೈವ್ ಹಾಕುವ ಗೋಟೆಕ್ ಎಂಬ ಸಾಧನ ಸರಿ. ಅದರಲ್ಲಿ ಸವೆಯುವ ಹೆಡ್ಡೂ ಇಲ್ಲ, ಬೆಲ್ಟೂ ಇಲ್ಲ.

ಡ್ರೈವಿಗಿಂತ ಮೊದಲು ನೋಡಬೇಕಾದದ್ದು ಕಂಪ್ಯೂಟರಿನ ಪವರ್ ಸಪ್ಲೈ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಒಳಗೆ ಮೇನ್ಸ್ ಲೈನಿಗೆ ಅಡ್ಡಲಾಗಿ ರಿಫಾ ಕಂಪನಿಯ ಎರಡು ಕೆಪಾಸಿಟರ್ ಇರುತ್ತವೆ: ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ಒಳಗಿರುವುದು ಕಾಗದ. ಮೇಲಿನ ಪಾರದರ್ಶಕ ಕವಚ ವರ್ಷಗಳಲ್ಲಿ ಬಿರುಕು ಬಿಟ್ಟು ತೇವ ಎಳೆದುಕೊಳ್ಳುತ್ತದೆ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಢಬ್ ಎಂದು ದಟ್ಟ ಹೊಗೆ. ಎರಡನ್ನೂ ಬದಲಿಸಿ. ಅಂಗಡಿಯಲ್ಲಿ ಎಕ್ಸ್2 ದರ್ಜೆಯ, 275 ವೋಲ್ಟ್ ಎಸಿ ಎಂದು ಮೈಮೇಲೆ ಅಚ್ಚಾದದ್ದನ್ನೇ ಕೇಳಿ. 400 ವೋಲ್ಟಿನದು ಎಂದು ಮಾಮೂಲಿ ಪಾಲಿಯೆಸ್ಟರ್ ಕೊಟ್ಟರೆ ತರಬೇಡಿ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಡಿಸಿ ಉಳಿದಿರಬಹುದು. ಮಲ್ಟಿಮೀಟರ್ ಸೊನ್ನೆ ತೋರಿಸುವವರೆಗೆ ಕೈ ಹಾಕಬೇಡಿ. ಬೆಸುಗೆಯ ಅಭ್ಯಾಸ ಇಲ್ಲದಿದ್ದರೆ ಟಿವಿ ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ, ಅವರಿಗಿದು ಹತ್ತು ನಿಮಿಷದ ಕೆಲಸ.

ಈಗ ಡಿಸ್ಕ್ ಕಂಟ್ರೋಲರ್, ಅಂದರೆ ಡ್ರೈವನ್ನು ನಡೆಸುವ ಚಿಪ್, ಇದೆಯೇ ನೋಡಿ. ಮಾಡೆಲ್ ಬಿ ಅಂದರೆ ಅದು ಇದ್ದೇ ಇರುತ್ತದೆ ಎಂದೇನಿಲ್ಲ. ಆನ್ ಮಾಡಿದಾಗ ಪರದೆಯ ಮೇಲೆ ಡಿಎಫ್‌ಎಸ್ (DFS, ಡಿಸ್ಕ್ ಫೈಲಿಂಗ್ ಸಿಸ್ಟಮ್) ಎಂದು ಬಂದರೆ ಡಿಸ್ಕಿನ ತಂತ್ರಾಂಶವಿರುವ ರೋಮ್ ಇದೆ ಎಂದಷ್ಟೇ ಅರ್ಥ, ಕಂಟ್ರೋಲರ್ ಇದೆ ಎಂದಲ್ಲ. ಮುಚ್ಚಳ ತೆಗೆದು ಐಸಿ 78ರ ಜಾಗದಲ್ಲಿ 40 ಕಾಲಿನ 8271 ಚಿಪ್ ಅಥವಾ ಅದರ ಬದಲು 1770 ಚಿಪ್ ಇರುವ ಪುಟ್ಟ ಬೋರ್ಡ್ ಕೂತಿದೆಯೇ ನೋಡಿ. ಸಾಕೆಟ್ ಖಾಲಿ ಇದ್ದರೆ ಕೊನೆಯಲ್ಲಿ ಹೇಳಿರುವ ಎಸ್‌ಡಿ ಕಾರ್ಡಿನ ದಾರಿ ಹಿಡಿಯಿರಿ. 8271 ಈಗ ಅಪರೂಪ, ದುಬಾರಿ ಕೂಡ.

ಗೋಟೆಕ್ ಕೊಳ್ಳುವಾಗ ಫ್ಲ್ಯಾಶ್‌ಫ್ಲಾಪಿ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಹಾಕಿರುವುದನ್ನೇ ಕೇಳಿ. ಕಾರ್ಖಾನೆಯ ಫರ್ಮ್‌ವೇರ್ ಬಿಬಿಸಿಯ ಡಿಸ್ಕ್ ಫೈಲುಗಳನ್ನು ಓದುವುದಿಲ್ಲ. ಹಿಂಬದಿಯಲ್ಲಿ ಎಸ್0 ಜಂಪರ್ ಹಾಕಿದರೆ ಅದು ಡ್ರೈವ್ 0 ಆಗುತ್ತದೆ. ಕೇಬಲ್ 34 ಎಳೆಯ ನೇರ ರಿಬ್ಬನ್. ಹಳೆಯ ಪಿಸಿಯಿಂದ ಕಿತ್ತ ಕೇಬಲಿನ ಮಧ್ಯೆ ಕೆಲವು ಎಳೆ ತಿರುಚಿರುತ್ತವೆ, ಆ ತಿರುಚು ಡ್ರೈವ್ ಆಯ್ಕೆಯ ಸಿಗ್ನಲ್‌ಗಳನ್ನೇ ಅದಲುಬದಲು ಮಾಡುತ್ತದೆ. ಕೆಂಪು ಅಂಚು ಎರಡೂ ಕಡೆ ಪಿನ್ 1ಕ್ಕೆ ಬರಲಿ.

ಇಲ್ಲೇ ಹೆಚ್ಚಿನವರು ಎಡವುವುದು: ಕಂಪ್ಯೂಟರಿನ ಅಡಿಯಲ್ಲಿ 34 ಪಿನ್ನಿನ ಸಾಕೆಟ್ ಎರಡಿವೆ. ಒಂದು ಡಿಸ್ಕಿನದು, ಇನ್ನೊಂದು ಬೇರೆ ಉಪಕರಣ ಜೋಡಿಸುವ 1 ಮೆಗಾಹರ್ಟ್ಜ್ ಬಸ್ಸಿನದು. ಕೇಬಲ್ ಎರಡಕ್ಕೂ ಸಲೀಸಾಗಿ ಹೋಗುತ್ತದೆ. ಪ್ರಿಂಟರಿನ ಪಕ್ಕದ್ದೇ ಡಿಸ್ಕಿನದು. ಬಸ್ಸಿಗೆ ಹಾಕಿದರೆ ಚಿಪ್‌ಗಳಿಗೆ ಹಾನಿಯಾಗಬಹುದು.

ಗೋಟೆಕ್‌ಗೆ 5 ವೋಲ್ಟ್ ಸಾಕು. ಅಡಿಯಲ್ಲಿರುವ ಹೆಚ್ಚುವರಿ ಪವರ್ ಸಾಕೆಟ್ 5 ವೋಲ್ಟಿನಲ್ಲಿ 1.25 ಆಂಪಿಯರ್ ಕೊಡುತ್ತದೆ. ಆದರೆ ಅಲ್ಲೇ 12 ವೋಲ್ಟೂ ಇದೆ, ಆದ್ದರಿಂದ ಮೀಟರ್ ಹಿಡಿದು 4.75ರಿಂದ 5.25ರ ಒಳಗಿದೆ ಎಂದು ಖಾತ್ರಿಯಾಗುವವರೆಗೆ ತಂತಿ ಸೇರಿಸಬೇಡಿ.

ಪೆನ್‌ಡ್ರೈವ್ ಫ್ಯಾಟ್32 ಆಗಿರಲಿ. ಅದರಲ್ಲಿರುವ ಎಫ್‌ಎಫ್ ಡಾಟ್ ಸಿಎಫ್‌ಜಿ (FF.CFG) ಫೈಲಿನಲ್ಲಿ ಇಂಟರ್‌ಫೇಸ್ (interface) ಎದುರು ಶುಗಾರ್ಟ್ (shugart), ಹೋಸ್ಟ್ (host) ಎದುರು ಏಕಾರ್ನ್ (acorn) ಎಂದು ಬರೆಯಿರಿ. 80 ಟ್ರ್ಯಾಕಿನ ಒಂದು ಬದಿಯ ಡಿಸ್ಕ್ 204800 ಬೈಟ್: ಟ್ರ್ಯಾಕಿಗೆ 10 ಸೆಕ್ಟರ್, ಸೆಕ್ಟರಿಗೆ 256 ಬೈಟ್. ಎಷ್ಟೇ ಜಾಗ ಉಳಿದಿದ್ದರೂ ಒಂದು ಬದಿಗೆ 31 ಫೈಲ್ ಮಾತ್ರ. ಎರಡು ಬದಿಯ ಡಿಸ್ಕಿನ ಎರಡನೇ ಬದಿ ಡ್ರೈವ್ 2 ಎಂದು ಕಾಣುತ್ತದೆ, 1 ಅಲ್ಲ.

ಸ್ಟಾರ್ ಕ್ಯಾಟ್ (*CAT) ಟೈಪ್ ಮಾಡಿ. ಪಟ್ಟಿ ಬಂದರೆ ಆಯಿತು. ಸುಮ್ಮನೆ ನಿಂತುಬಿಟ್ಟರೆ ಬ್ರೇಕ್ ಒತ್ತಿ ಹೊರಬಂದು ಜಂಪರನ್ನೂ ಕೇಬಲಿನ ದಿಕ್ಕನ್ನೂ ನೋಡಿ. ಡಿಸ್ಕ್ ಫಾಲ್ಟ್ 18 ಎಂದರೆ ಸೆಕ್ಟರ್ ಸಿಗಲಿಲ್ಲ ಎಂದು. ಡಿಸ್ಕ್ ಫೈಲ್ ಅರ್ಧಕ್ಕೇ ತುಂಡಾಗಿರಬಹುದು, ಅದರ ಗಾತ್ರ ನೋಡಿ. ಶಿಫ್ಟ್ ಹಿಡಿದು ಬ್ರೇಕ್ ಒತ್ತಿದರೂ ತಾನಾಗಿ ಶುರುವಾಗದಿದ್ದರೆ ಡಿಸ್ಕಿಗೆ ಸ್ಟಾರ್ ಆಪ್ಟ್ 4,3 (*OPT 4,3) ಕೊಟ್ಟಿಲ್ಲ ಅಥವಾ ಬೂಟ್ ಫೈಲೇ (!BOOT) ಇಲ್ಲ.

ಕ್ಯಾಸೆಟ್ಟಿನಲ್ಲಿ ಓಡುತ್ತಿದ್ದ ದೊಡ್ಡ ಆಟ ಡಿಸ್ಕಿನಿಂದ ಓಡದಿದ್ದರೆ ಡ್ರೈವಿನ ತಪ್ಪಲ್ಲ. ಡಿಎಫ್‌ಎಸ್ ತನ್ನ ಕೆಲಸಕ್ಕೆ 2816 ಬೈಟ್ ಮೆಮೊರಿ ಹಿಡಿದುಕೊಳ್ಳುತ್ತದೆ, ಬೇಸಿಕ್ ಪ್ರೋಗ್ರಾಂ ಶುರುವಾಗುವ ಜಾಗ ಹೆಕ್ಸ್ (ಹದಿನಾರರ ಎಣಿಕೆ) ಇ00ಯಿಂದ 1900ಕ್ಕೆ ಏರುತ್ತದೆ. ಡಿಸ್ಕಿಗೆಂದೇ ಹೊಂದಿಸಿದ ಪ್ರತಿ ಹುಡುಕಿ.

ಕಂಟ್ರೋಲರ್ ಇಲ್ಲದವರು 20 ಪಿನ್ನಿನ ಯೂಸರ್ ಪೋರ್ಟಿಗೆ ಎಸ್‌ಡಿ ಕಾರ್ಡ್ ಅಡಾಪ್ಟರ್ ಹಾಕಿ, ಆ ಕಾರ್ಡನ್ನು ಓದುವ ತಂತ್ರಾಂಶವಿರುವ ಎಂಎಂಎಫ್‌ಎಸ್ (MMFS) ರೋಮನ್ನು ಖಾಲಿ ರೋಮ್ ಸಾಕೆಟ್ಟಿನಲ್ಲಿ ಕೂರಿಸಬಹುದು. ಎಸ್‌ಡಿ ಕಾರ್ಡ್ ನಡೆಯುವುದು 3.3 ವೋಲ್ಟಿನಲ್ಲಿ, ಪೋರ್ಟ್ 5ರದ್ದು. ವೋಲ್ಟೇಜ್ ಇಳಿಸುವ ವ್ಯವಸ್ಥೆ ಇಲ್ಲದ ಅಡಾಪ್ಟರ್ ಬೇಡ. 511 ಡಿಸ್ಕ್ ಹಿಡಿಸುವ ಬೀಬ್ ಡಾಟ್ ಎಂಎಂಬಿ (BEEB.MMB) ಫೈಲನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದ ಕಾರ್ಡಿಗೆ ಎಲ್ಲಕ್ಕಿಂತ ಮೊದಲು ಕಾಪಿ ಮಾಡಿ. ಅದು ತುಣುಕು ತುಣುಕಾಗಿ ಚದುರಿದರೆ ರೋಮಿಗೆ ಓದಲು ಬರುವುದಿಲ್ಲ.