ದಾಖಲಾದ ಮಗುವಿನ ರಕ್ತದ ಸಕ್ಕರೆ ಏರಿದಾಗ: ಇನ್ಸುಲಿನ್‌ಗೆ ಮೊದಲು ನೋಡಬೇಕಾದವು

ಉಬ್ಬಸವೋ ಫಿಟ್ಸೋ ಬಂದು ದಾಖಲಾದ ಮಗುವಿನ ಗ್ಲುಕೋಮೀಟರಿನಲ್ಲಿ 210 (ಇಲ್ಲಿನ ಸಕ್ಕರೆಯ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ) ಎಂದು ಕಂಡೊಡನೆ ಪೋಷಕರೆದುರು ‘ಸಕ್ಕರೆ ಕಾಯಿಲೆ’ ಎಂಬ ಮಾತು ಆಡಬಾರದು. ತೀವ್ರ ಕಾಯಿಲೆಯಲ್ಲಿ ಹೆಚ್ಚುವ ಅಡ್ರಿನಲಿನ್, ಕಾರ್ಟಿಸಾಲ್ ಮತ್ತು ಗ್ಲುಕಗಾನ್ ಹಾರ್ಮೋನುಗಳು ಯಕೃತ್ತಿನಿಂದ ಗ್ಲೂಕೋಸ್ ಬಿಡುಗಡೆ ಮಾಡಿಸುವುದಲ್ಲದೆ ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡಿಯಾಗುವುದರಿಂದ, ಮಧುಮೇಹವಿಲ್ಲದ ಮಕ್ಕಳಲ್ಲೂ ಸಕ್ಕರೆ ಏರುತ್ತದೆ. ಹೆಚ್ಚಿನವರಲ್ಲಿ ಕಾಯಿಲೆ ತಗ್ಗಿದಂತೆ ಅದೂ ಇಳಿಯುತ್ತದೆ.

ಮೊದಲು ಆ ಅಂಕಿ ನಿಜವೇ ಎಂದು ನೋಡಿ. ಸಿರಪ್ಪು ಅಂಟಿದ ಬೆರಳು ಸುಳ್ಳು ಹೇಳುತ್ತದೆ. ಆದ್ದರಿಂದ ಬೆರಳನ್ನು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಡ್ರಿಪ್ ಹಾಕದ ಕೈಯಿಂದ ಮತ್ತೊಮ್ಮೆ ಪರೀಕ್ಷಿಸಿ, ಪ್ರಯೋಗಾಲಯಕ್ಕೂ ರಕ್ತ ಕಳುಹಿಸಿ.

ಅದರ ಜೊತೆಯಲ್ಲೇ, ತಡಮಾಡದೆ, ಕೀಟೋನ್ (ಇನ್ಸುಲಿನ್ ಸಾಲದಾದಾಗ ಕೊಬ್ಬು ಒಡೆದು ಹುಟ್ಟುವ ಆಮ್ಲೀಯ ವಸ್ತು) ನೋಡಬೇಕು. ಕೆಲವು ವಾರಗಳಿಂದ ಬಾಯಾರಿಕೆ, ಪದೇಪದೇ ಮೂತ್ರ, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿರುವುದು, ತೂಕ ಇಳಿದಿರುವುದು ಇವೆಯೇ ಎಂದು ತಾಯಿಯನ್ನು ಕೇಳಿ. ಸಕ್ಕರೆ 200ಕ್ಕಿಂತ ಹೆಚ್ಚಿದ್ದು, ಕೀಟೋನ್ ಕಂಡು, ರಕ್ತದ ಪಿಎಚ್ 7.3ಕ್ಕಿಂತ ಅಥವಾ ಬೈಕಾರ್ಬನೇಟ್ ಲೀಟರಿಗೆ 18 ಮಿಲಿಮೋಲ್‌ಗಿಂತ ಕೆಳಗಿದ್ದರೆ ಅದು ಡಯಾಬಿಟಿಕ್ ಕೀಟೋಅಸಿಡೋಸಿಸ್, ಅಂದರೆ ಕೀಟೋನ್‌ನಿಂದ ರಕ್ತ ಆಮ್ಲೀಯವಾಗುವ ಮಧುಮೇಹದ ತುರ್ತು ಸ್ಥಿತಿ. ಅದರ ಚಿಕಿತ್ಸೆಯ ಕ್ರಮವೇ ಬೇರೆ. ಮುಂದಿನ ಮಾತುಗಳು ಆ ಮಗುವಿಗೆ ಅನ್ವಯಿಸುವುದಿಲ್ಲ.

ಕೀಟೋನ್ ಇಲ್ಲವೆಂದಾದರೆ ಡ್ರಿಪ್ಪಿನ ಬಾಟಲಿಯತ್ತ ತಿರುಗಿ; ಅದರಲ್ಲಿರುವ ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸೇ. ಡೆಕ್ಸ್‌ಟ್ರೋಸಿನ ಶೇಕಡಾವಾರನ್ನು ಗಂಟೆಗೆ ಹೋಗುವ ಮಿಲಿಲೀಟರಿನಿಂದ ಗುಣಿಸಿ, ಬಂದದ್ದನ್ನು ಮಗುವಿನ ಕಿಲೋ ತೂಕದ ಆರು ಪಟ್ಟಿನಿಂದ ಭಾಗಿಸಿದರೆ, ಪ್ರತಿ ಕಿಲೋಗೆ ನಿಮಿಷಕ್ಕೆ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಹೋಗುತ್ತಿದೆ ಎಂದು ತಿಳಿಯುತ್ತದೆ. ಹತ್ತು ಕಿಲೋ ಮಗುವಿಗೆ 10 ಶೇಕಡಾ ದ್ರಾವಣ ಗಂಟೆಗೆ 40 ಮಿಲಿಲೀಟರ್ ಹೋಗುತ್ತಿದ್ದರೆ 400ನ್ನು 60ರಿಂದ ಭಾಗಿಸಿ, ಸುಮಾರು 6.7. ಅದನ್ನೇ 5 ಶೇಕಡಾಕ್ಕೆ ಇಳಿಸಿದರೆ 3.3. ಈ ಲೆಕ್ಕ ಹಾಕದೆ ಇನ್ಸುಲಿನ್ ಬರೆಯುವುದು ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ. ಆದರೆ ಎಳೆಯ ಮಕ್ಕಳಲ್ಲಿ ಡೆಕ್ಸ್‌ಟ್ರೋಸನ್ನು ಒಮ್ಮೆಲೇ ನಿಲ್ಲಿಸಿದರೆ ಸಕ್ಕರೆ ಕುಸಿಯಬಹುದು. ಹಂತಹಂತವಾಗಿ ಇಳಿಸಿ, ಪ್ರತಿ ಹಂತದಲ್ಲೂ ಮತ್ತೆ ಅಳೆಯಿರಿ.

ನಂತರ ಔಷಧಪಟ್ಟಿ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಅಡ್ರಿನಲಿನ್ ಇನ್‌ಫ್ಯೂಷನ್, ರಕ್ತದ ಕ್ಯಾನ್ಸರಿಗೆ ಕೊಡುವ ಆಸ್ಪ್ಯಾರಜಿನೇಸ್ ಇವೆಲ್ಲ ಸಕ್ಕರೆ ಏರಿಸಬಲ್ಲವು. ಬೆಳಿಗ್ಗೆ ಪ್ರೆಡ್ನಿಸೊಲೋನ್ ಪಡೆಯುವ ಮಗುವಿನ ಸಕ್ಕರೆ ಹೆಚ್ಚಾಗಿ ಮಧ್ಯಾಹ್ನದ ನಂತರ ಏರುವುದರಿಂದ, ಮುಂಜಾನೆಯ ಖಾಲಿಹೊಟ್ಟೆಯ ಅಂಕಿಯೊಂದನ್ನೇ ನಂಬಬೇಡಿ.

ಇಷ್ಟಾದರೂ ಸಕ್ಕರೆ 180ಕ್ಕಿಂತ ಮೇಲೆಯೇ ನಿಂತರೆ, ತೀವ್ರ ನಿಗಾ ಘಟಕದಲ್ಲಿ ಹಿರಿಯ ವೈದ್ಯರ ನಿರ್ಧಾರದಂತೆ ಇನ್ಸುಲಿನ್ ಇನ್‌ಫ್ಯೂಷನ್ ಆರಂಭಿಸಬಹುದು. ಸಕ್ಕರೆಯನ್ನು ಗಂಟೆಗೊಮ್ಮೆ ಅಳೆಯಬೇಕು, ಪೊಟ್ಯಾಸಿಯಂ ಇಳಿಯದಂತೆ ಕಾಯಬೇಕು. ಟ್ಯೂಬಿನ ಆಹಾರವೋ ಡ್ರಿಪ್ಪೋ ನಿಂತಾಗ ಇನ್ಸುಲಿನ್ ಸಹ ಮುಂದುವರಿಯದಂತೆ ನೋಡಿಕೊಳ್ಳಬೇಕು. ಸಕ್ಕರೆಯನ್ನು ಬಿಗಿಯಾಗಿ ಇಳಿಸುವ ಹಟ ಬೇಡ: ತೀವ್ರ ನಿಗಾ ಘಟಕದ ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಹಾಫ್-ಪಿಂಟ್ ಅಧ್ಯಯನದಲ್ಲಿ 80ರಿಂದ 110ರ ಗುರಿಯಿಟ್ಟ ಮಕ್ಕಳಿಗೆ, 150ರಿಂದ 180ರ ಗುರಿಯಿಟ್ಟವರಿಗಿಂತ ಹೆಚ್ಚಿನ ಪ್ರಯೋಜನ ಸಿಗಲಿಲ್ಲ, ಸಕ್ಕರೆ ಅಪಾಯಕರವಾಗಿ ಕುಸಿಯುವುದು ಮಾತ್ರ ಹೆಚ್ಚಾಯಿತು.

ಮಗು ಚೇತರಿಸಿಕೊಂಡ ಮೇಲೆ ಖಾಲಿಹೊಟ್ಟೆಯ ಸಕ್ಕರೆ ಮತ್ತು ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ನೋಡಿ. ಈಚೆಗೆ ಮಗುವಿಗೆ ರಕ್ತ ಏರಿಸಿದ್ದರೆ ಎಚ್‌ಬಿಎ1ಸಿ ನಂಬಲರ್ಹವಲ್ಲ. ಬಾಯಾರಿಕೆ ಮತ್ತು ಅತಿಮೂತ್ರ ಕಂಡರೆ ಅಂದೇ ಮರಳಿ ಬರುವಂತೆ ಡಿಸ್‌ಚಾರ್ಜ್ ಚೀಟಿಯಲ್ಲಿ ಬರೆದುಕೊಡಿ.