ಐದು ಮನೆ, ಹತ್ತು ಹಿರಿಯರು: ನಮ್ಮ ವಠಾರದ ಲೆಕ್ಕ

ನಮ್ಮ ಕಮ್ಯುನಿಟಿಯ ವಯಸ್ಸಾದವರಿಗೆ ಮನೆ ಮಾಡೋಣ ಅಂತ ಮೀಟಿಂಗಿನಲ್ಲಿ ಹೇಳಿದಾಗಲೆಲ್ಲ ಎರಡೇ ಮಾತು ಬರುತ್ತಿದ್ದವು. ಸೈಟು ತೊಗೊಂಡು ಕಟ್ಟಬೇಕು, ಕೋಟಿ ಬೇಕು ಅನ್ನೋದು ಒಂದು. ಮಂಗಳಮುಖಿಯರಿಗೆ, ಅದೂ ಮುದುಕಿಯರಿಗೆ, ಯಾರು ಬಾಡಿಗೆಗೆ ಕೊಡ್ತಾರೆ ಅನ್ನೋದು ಇನ್ನೊಂದು. ಈಗ ಬೆಂಗಳೂರಿನ ಮಾಗಡಿ ರಸ್ತೆ ಕಡೆಯ ಒಂದು ವಠಾರದಲ್ಲಿ ಐದು ಮನೆ ನಮ್ಮ ಕೈಯಲ್ಲಿವೆ. ಹತ್ತು ಜನ ಇದ್ದಾರೆ. ನಾಲ್ಕನೇ ವರ್ಷ ನಡೆಯುತ್ತಿದೆ. ಕೋಟಿ ಅಂದವರೇ ಬಂದು ಫೋಟೋ ಹೊಡ್ಕೊಂಡು ಹೋಗುತ್ತಾರೆ. ಹೋಗಲಿ ಬಿಡಿ.

ಫಂಡಿಂಗ್‌ನವರು ಹೊರದೇಶದಲ್ಲಿ ನಮ್ಮಂಥ ಹಿರಿಯರಿಗೆ ಕಟ್ಟಿದ ಮನೆಗಳ ಚಿತ್ರ ತೋರಿಸುತ್ತಾರೆ. ಲಾಸ್ ಏಂಜಲೀಸ್‌ನ ಟ್ರಯಾಂಗಲ್ ಸ್ಕ್ವೇರ್‌ನಲ್ಲಿ ನೂರಕ್ಕೂ ಜಾಸ್ತಿ ಮನೆ, ಬ್ರೂಕ್ಲಿನ್‌ನ ಸ್ಟೋನ್‌ವಾಲ್ ಹೌಸ್‌ನಲ್ಲಿ 145 ಮನೆ. ಚೆನ್ನಾಗಿವೆ. ಆದರೆ ಅಲ್ಲಿ ಸರ್ಕಾರದ ದುಡ್ಡು ಬೆನ್ನಿಗಿದೆ. ನಮ್ಮ ಬೆನ್ನಿಗೆ ಏನಿತ್ತು? ಹಮಾಮು, ನಮ್ಮವರು ನಡೆಸುತ್ತಿದ್ದ ಬಿಸಿನೀರಿನ ಸ್ನಾನದ ಮನೆ. ಬೆಂಗಳೂರಿನಲ್ಲಿ ಹಮಾಮು ನಡೆಯುತ್ತಿದ್ದಾಗ ವಯಸ್ಸಾದ ಗುರು ಒಲೆ, ಗಲ್ಲಾ ನೋಡಿಕೊಂಡು ಅಲ್ಲೇ ಇರುತ್ತಿದ್ದರು. ಚೇಲಗಳು, ಅಂದರೆ ಗುರು ಮಗಳಾಗಿ ಒಪ್ಪಿಕೊಂಡ ಶಿಷ್ಯೆಯರು, ದುಡಿದು ತಂದು ಕೊಡುತ್ತಿದ್ದರು. ಮನೆಮನೆಗೆ ಗೀಸರ್ ಬಂತು, ಜಾಗದ ಬೆಲೆ ಏರಿತು, ಹಮಾಮುಗಳು ಮುಚ್ಚಿದವು. ಸೂರು ಹೋಯಿತು, ಗುರು-ಚೇಲ ಸಂಬಂಧ ಹೋಗಲಿಲ್ಲ. ನನ್ನ ಲೆಕ್ಕ ನಿಂತಿರುವುದು ಅದರ ಮೇಲೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಕೆಂಗೇರಿ ಆಚೆ ಒಂದು ದೊಡ್ಡ ಮನೆ, ಬಾಡಿಗೆ ಇಪ್ಪತ್ತೆರಡು ಸಾವಿರದ ಹತ್ತಿರ, ಕೊಡುತ್ತಿದ್ದದ್ದು ಒಂದು ಪ್ರಾಜೆಕ್ಟು. ಮಾರ್ಚ್ ಬಂತು, ಪ್ರಾಜೆಕ್ಟು ಮುಗಿಯಿತು, ಬಾಡಿಗೆಯೂ ನಿಂತಿತು. ದುಡ್ಡು ಇದ್ದಿದ್ದರೂ ಆ ಮನೆ ಉಳಿಯುತ್ತಿರಲಿಲ್ಲ ಅನ್ನಿ. ಅಡುಗೆಮನೆ ಒಂದೇ. ಒಬ್ಬರಿಗೆ ದಿನಾ ಮೀನು ಬೇಕು. ಜೋಗತಿ ಅಮ್ಮನಿಗೆ ಮಂಗಳವಾರ, ಶುಕ್ರವಾರ ಮಡಿ, ಯಲ್ಲಮ್ಮನ ಪಡ್ಲಿಗಿ, ಅಂದರೆ ದೇವರ ಬುಟ್ಟಿ, ಇಡಲು ಬೇರೆ ಜಾಗ ಬೇಕು. ಮೇಲಾಗಿ ಊರಾಚೆ. ಚೇಲಗಳು ಬರುವುದು ನಿಂತಿತು, ಎಚ್.ಐ.ವಿ.ಯ ಎ.ಆರ್.ಟಿ. ಮಾತ್ರೆ ತರಲು ಅರ್ಧ ದಿನ ಹೋಗುತ್ತಿತ್ತು.

ಆಮೇಲೆ ಭೋಗ್ಯಕ್ಕೆ ಹೋದೆವು. ನಾಲ್ಕು ಲಕ್ಷ ಒಟ್ಟಿಗೆ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲ. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯದು ಉಂಟಾ ಅನ್ನಿಸಿತ್ತು. ಮನೆ ಮೇಲೆ ಸಾಲ ಇದೆಯಾ ಅಂತ ತೋರಿಸುವ ಇ.ಸಿ. ತೆಗೆಸಿ ನೋಡಿದ್ದೆವು, ಏನೂ ಇರಲಿಲ್ಲ. ಓನರ್ ನಮ್ಮ ದುಡ್ಡು ತೊಗೊಂಡ ಮೇಲೆ ಮನೆ ಅಡವಿಟ್ಟು ಸಾಲ ಎತ್ತಿದ. ಒಂದು ಬೆಳಿಗ್ಗೆ ಗೋಡೆ ಮೇಲೆ ಬ್ಯಾಂಕಿನ ನೋಟಿಸು. ಅಲೆದು ಅಲೆದು ಅರ್ಧದಷ್ಟು ವಾಪಸ್ ಬಂತು, ಉಳಿದದ್ದು ಇನ್ನೂ ಬಂದಿಲ್ಲ. ನಾಲ್ಕು ಲಕ್ಷದಲ್ಲಿ ಮುಕ್ಕಾಲು ಪಾಲು ಮಾಂಗ್ತಿ ದುಡ್ಡು, ಸಿಗ್ನಲ್ಲಿನಲ್ಲಿ ಬಿಸಿಲಲ್ಲಿ ನಿಂತು ಬೇಡಿ ತಂದದ್ದು. ಆಗಲೇ ಎಲ್ಲರೂ ‘ನಾವು ಹೇಳಿರಲಿಲ್ವಾ’ ಅಂದಿದ್ದು.

ವಠಾರ ಹೊಳೆದದ್ದು ಅದಾದ ಮೇಲೆ. ಒಂದು ರೂಮು, ಅದಕ್ಕೇ ಅಂಟಿದ ಅಡುಗೆಮನೆ, ಬಾಡಿಗೆ ಐದೂವರೆ ಸಾವಿರ. ಇಬ್ಬರಿಗೊಂದು. ಒಲೆ ಬೇರೆ, ಬೀಗ ಬೇರೆ. ಉಳಿದ ಮೂರು ಮನೆಗಳಲ್ಲಿ ಗಾರ್ಮೆಂಟ್ಸಿಗೆ ಹೋಗುವ ಸಂಸಾರಗಳು. ಇದು ಆಶ್ರಮ ಅಲ್ಲ, ಬೋರ್ಡು ಇಲ್ಲ, ಬಾಡಿಗೆದಾರರು ಅಷ್ಟೇ. ಬೋರ್ಡು ಹಾಕಿದ ದಿನ ಏರಿಯಾದಲ್ಲಿ ಗಲಾಟೆ ಶುರು ಅಂತ ತಿಳಿಯಿರಿ.

ಅಡ್ವಾನ್ಸು ಮನೆಗೆ ನಲವತ್ತು ಸಾವಿರ, ಐದಕ್ಕೆ ಎರಡು ಲಕ್ಷ. ಇದನ್ನು ಯಾವ ಫಂಡಿಂಗೂ ಕೊಡಲಿಲ್ಲ. ಚೀಟಿ ಹಾಕಿದೆವು. ಇಪ್ಪತ್ತು ಜನ, ತಿಂಗಳಿಗೆ ಐದು ಸಾವಿರ, ಲಕ್ಷದ ಚೀಟಿ. ಅಂಥವು ಎರಡು. ಮೊದಲ ಚೀಟಿ ಕೂಗದೆ ನಡೆಸುವವರಿಗೆ ಬಿಡುವ ಪದ್ಧತಿ ಉಂಟಲ್ಲ, ಅದನ್ನೇ ಮನೆಗೆ ಎತ್ತಿದೆವು. ಕಟ್ಟುವವರೆಲ್ಲ ಚೇಲಗಳು, ಒಬ್ಬರೂ ತಪ್ಪಿಸಲಿಲ್ಲ. ಗುರುವಿನ ಮನೆ ದುಡ್ಡು ಮುಳುಗಿಸಿದೆ ಅಂದರೆ ಜಮಾತಿನಲ್ಲಿ, ನಮ್ಮವರ ಪಂಚಾಯ್ತಿಯಲ್ಲಿ, ತಲೆ ಎತ್ತೋಕಾಗುತ್ತಾ? ಬ್ಯಾಂಕಿಗೆ ಇಂಥ ವಸೂಲಿ ಕನಸಲ್ಲೂ ಇಲ್ಲ.

ತಿಂಗಳ ಬಾಡಿಗೆ ಇಪ್ಪತ್ತೇಳೂವರೆ ಸಾವಿರ. ಅದರಲ್ಲಿ ಹನ್ನೊಂದು ಸಾವಿರದ ಆಸುಪಾಸು ಹಿರಿಯರ ಪೆನ್ಷನ್ನಿನಿಂದಲೇ. ನಾವು ಶುರು ಮಾಡಿದಾಗ ಮಂಗಳಮುಖಿಯರ ಪೆನ್ಷನ್ ಮೈತ್ರಿಯಲ್ಲಿ ತಿಂಗಳಿಗೆ 800 ಬರುತ್ತಿತ್ತು, ವಯಸ್ಸಾದವರ ಪೆನ್ಷನ್ ಸಂಧ್ಯಾ ಸುರಕ್ಷಾದಲ್ಲಿ 1,200. 65 ದಾಟಿದವರನ್ನು ಅದಕ್ಕೆ ಬದಲಾಯಿಸಿದೆವು. ವಯಸ್ಸಿನ ದಾಖಲೆ ಇಲ್ಲದ್ದೇ ದೊಡ್ಡ ತಲೆನೋವು. ಮನೆ ಬಿಟ್ಟು ಓಡಿ ಬಂದವರ ಹತ್ತಿರ ಟಿ.ಸಿ. ಎಲ್ಲಿಂದ ಬರಬೇಕು? ಚೇಲಗಳ ಪಾಲು ಹನ್ನೆರಡು ಸಾವಿರ. ಕಡಿಮೆ ಬಿದ್ದದ್ದನ್ನು ಇಡ್ಲಿ ಹಿಟ್ಟು ತುಂಬುತ್ತದೆ.

ಹಿಟ್ಟಿನ ಕಥೆ ಬೇರೆಯೇ ಇದೆ. ಮೊದಲು ಹಪ್ಪಳ ಮಾಡಿದೆವು, ತಾರಸಿಯ ಮೇಲೆ ಪಾರಿವಾಳ ಬಿಡಲಿಲ್ಲ. ಸಾರಿನ ಪುಡಿ ಚೆನ್ನಾಗಿತ್ತು, ಯಾರೂ ತೊಗೊಳ್ಳಲಿಲ್ಲ. ಹಿಟ್ಟು ಮಾತ್ರ ಓಡಿತು. ಬೆಳಿಗ್ಗೆ ಏಳಕ್ಕೆ ಡ್ಯೂಟಿಗೆ ಹೋಗುವ ಹೆಂಗಸರಿಗೆ ಹಿಟ್ಟು ಬೇಕು, ಯಾರು ರುಬ್ಬಿದ್ದು ಅಂತ ಕೇಳೋಕೆ ಪುರುಸೊತ್ತಿಲ್ಲ. ಅಳತೆ ಕೇಳಬೇಡಿ, ಅದು ನಮ್ಮ ನಾನಿಯದು, ಅಂದರೆ ಗುರುವಿನ ಗುರುವಿನದು.

ಕರೆಂಟಿಗೆ ಮನೆಮನೆಗೂ ಮೀಟರ್ ಬೇರೆ ಇರುವ ವಠಾರವನ್ನೇ ಹುಡುಕಿ. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಬಂದಾಗ ಬಾಡಿಗೆದಾರರಾಗಿ ನಾವೂ ಅರ್ಜಿ ಹಾಕಿದೆವು, ಐದೂ ಬಿಲ್ಲು ಸೊನ್ನೆ. ಒಂದೇ ಮೀಟರಿನ ವಠಾರವಾಗಿದ್ದರೆ ಇದು ಆಗುತ್ತಿರಲಿಲ್ಲ. ಶಕ್ತಿ ಯೋಜನೆಯಲ್ಲಿ ನಮ್ಮವರಿಗೂ ಬಸ್ಸು ಫ್ರೀ, ಆಸ್ಪತ್ರೆ ಖರ್ಚಿನಲ್ಲಿ ಅಷ್ಟು ಉಳಿಯಿತು. ಉಳಿದದ್ದನ್ನೆಲ್ಲ 2024ರ ಬೇಸಿಗೆ ನುಂಗಿತು. ಬೋರು ಬತ್ತಿತು, ಟ್ಯಾಂಕರ್ ಸಾವಿರ ದಾಟಿತು.

ಆರೈಕೆ ವಿಷಯಕ್ಕೆ ಬರೋಣ. ಮಾಮೂಲಿ ವೃದ್ಧಾಶ್ರಮದಲ್ಲಿ ಗಂಡಸರ ರೂಮು, ಹೆಂಗಸರ ರೂಮು ಅಂತ ಎರಡೇ. ನಮ್ಮವರನ್ನು ಎಲ್ಲಿ ಹಾಕುತ್ತಾರೆ? ಹಳೇ ಕಾಲದ ನಿರ್ವಾಣ, ಅಂದರೆ ಅಂಗ ತೆಗೆಸುವುದು, ಆದವರಿಗೆ ಮೂತ್ರದ ತೊಂದರೆ ಜಾಸ್ತಿ, ರಾತ್ರಿ ಮೂರ್ನಾಲ್ಕು ಸಲ ಏಳಬೇಕು. ವಠಾರದ ಕಕ್ಕಸು ಹೊರಗಡೆ. ಅದಕ್ಕೆ ಮನೆಗೊಂದು ಕಮೋಡ್ ಕುರ್ಚಿ ತಂದೆವು, ಎರಡು ಸಾವಿರದೊಳಗೆ. ಹೊರಗಿನವರಿಗೆ ಹೊಳೆಯದ ಇನ್ನೊಂದು ಸಂಗತಿ ಚಿಮಟ. ಬೆರಳಿಗೆ ವಾತ ಬಂದ ಮೇಲೆ ಗಡ್ಡದ ಕೂದಲು ಕೀಳೋಕೆ ಆಗಲ್ಲ. ಗಡ್ಡ ಬಿಟ್ಟುಕೊಂಡು ಆಚೆ ಬರುವುದಕ್ಕಿಂತ ಒಳಗೇ ಕೂತು ಊಟ ಬಿಡುತ್ತಾರೆ. ಜೊತೆಗಿರುವವರು ಒಬ್ಬರಿಗೊಬ್ಬರು ಕಿತ್ತುಕೊಡುತ್ತಾರೆ. ಇಬ್ಬರನ್ನು ಜೋಡಿ ಹಾಕುವಾಗ ನಾನು ನೋಡುವುದು ಮುಖ್ಯವಾಗಿ ಇದನ್ನೇ: ಒಬ್ಬರಿಗಾದರೂ ಕಣ್ಣು ಕಾಣಬೇಕು, ಕೈ ನಡುಗಬಾರದು.

ರಾತ್ರಿ ಕಾಯಲು ಆಳಿಲ್ಲ. ಬಾಗಿಲಿಗೆ ಚೀಲ ಕಟ್ಟಿದ್ದೇವೆ, ನಂದಿನಿ ಹಾಲಿನ ಪ್ಯಾಕೆಟ್ ಬೀಳುತ್ತದೆ. ಏಳರವರೆಗೆ ಪ್ಯಾಕೆಟ್ ಅಲ್ಲೇ ಇದ್ದರೆ ಪಕ್ಕದವರು ಬಾಗಿಲು ಬಡಿಯಬೇಕು. ಕರೆಗಂಟೆ ಹಾಕಿಸಿ ನೋಡಿದ್ದೆವು, ಮಕ್ಕಳು ಒತ್ತಿ ಒತ್ತಿ ಕೆಡಿಸಿದರು. ಹಾಲಿನ ಚೀಲದಿಂದ ಒಬ್ಬರ ಜೀವ ಉಳಿದಿದೆ. ಶುಗರ್ ಇಳಿದು ಬಿದ್ದಿದ್ದರು.

ಹತ್ತರಲ್ಲಿ ಇಬ್ಬರು ಗಂಡಸರ ಜೋಡಿ, ಒಬ್ಬರು ಟೈಲರ್ ಆಗಿದ್ದವರು. ಮೂವತ್ತು ವರ್ಷ ಜೊತೆಗಿದ್ದಾರೆ, ಅಣ್ಣ-ತಮ್ಮ ಅಂತ ಹೇಳಿಕೊಂಡು ಎಷ್ಟೋ ಮನೆ ಬದಲಿಸಿದವರು. ಮನೆ ಕರಾರಿನಲ್ಲಿ ಇಬ್ಬರ ಹೆಸರೂ ಹಾಕಿಸಿದೆ. 2024ರ ಆಗಸ್ಟ್‌ನಲ್ಲಿ ನಮ್ಮವರು ಜಂಟಿ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು ಅಂತ ಕೇಂದ್ರದ ಹಣಕಾಸು ಇಲಾಖೆ ಸ್ಪಷ್ಟ ಮಾಡಿತಲ್ಲ, ಅದರ ಪ್ರಿಂಟು ಹಿಡಿದುಕೊಂಡು ಹೋಗಿ ಖಾತೆ ಮಾಡಿಸಿದ್ದಾಯಿತು. ಪ್ರಿಂಟು ಇಲ್ಲದೆ ಹೋಗಬೇಡಿ. ಹೆಣ ಯಾರಿಗೆ ಕೊಡಬೇಕು ಅನ್ನುವ ಪತ್ರಕ್ಕೂ ಎಲ್ಲರಿಂದ ಸಹಿ ಹಾಕಿಸಿ ಇಟ್ಟಿದ್ದೇನೆ. ಕೆಂಗೇರಿ ಮನೆಯಲ್ಲಿ ಒಬ್ಬರು ತೀರಿಹೋದಾಗ ಊರಿಂದ ಬಂದವರು ಸೀರೆ ಬಿಚ್ಚಿಸಿ, ಪಂಚೆ ಸುತ್ತಿ ತೊಗೊಂಡು ಹೋದರು. ಇನ್ನೊಂದು ಸಲ ಹಾಗಾಗಲು ಬಿಡುವುದಿಲ್ಲ.

ಓನರ್‌ನ ಹೇಗೆ ಒಪ್ಪಿಸಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಬರೆಯಲ್ಲ. ಎಲ್ಲರೂ ಅದನ್ನೇ ಶುರು ಮಾಡಿದರೆ ನಾಳೆ ನಮಗೇ ಮನೆ ಸಿಗಲ್ಲ. ಮೊದಲು ಮಾತಾಡಿದ್ದು ನಾನಲ್ಲ, ಇಷ್ಟು ಹೇಳಬಲ್ಲೆ.

ಹನ್ನೊಂದು ತಿಂಗಳಿಗೊಮ್ಮೆ ಓನರ್ ಬಾಡಿಗೆ ಜಾಸ್ತಿ ಕೇಳುತ್ತಾರೆ. ಸುಣ್ಣಬಣ್ಣ ನಾವೇ ಮಾಡಿಸಿ ಇಲ್ಲಿವರೆಗೆ ತಡೆದಿದ್ದೇವೆ, ಈ ಸಲ ಮನೆಗೆ ಮುನ್ನೂರು ಏರಬಹುದು. ತುಮಕೂರಿನವರು ಅಲ್ಲೂ ಒಂದು ಮಾಡೋಣ ಅನ್ನುತ್ತಿದ್ದಾರೆ. ಚೀಟಿ ಕಟ್ಟುವ ಇಪ್ಪತ್ತು ಹೆಸರು ಬರೆದುಕೊಂಡು ಬನ್ನಿ, ಆಮೇಲೆ ವಠಾರ ನೋಡೋಣ ಅಂದಿದ್ದೇನೆ. ಹದಿಮೂರು ಹೆಸರು ಆಗಿದೆಯಂತೆ.