ಕಡಲಹುಲ್ಲನ್ನು ಗುರುತಿಸುವುದು ಹೇಗೆ?

ರಾಮೇಶ್ವರಕ್ಕೆ ಹೋದಾಗ, ನೀರು ಇಳಿದ ಹೊತ್ತಲ್ಲಿ ಪಾಕ್ ಕೊಲ್ಲಿ ಕಡೆಯ ದಡದಲ್ಲಿ ಸುಮ್ನೆ ನಡೆಯಿರಿ. ಅಲೆ ತಂದು ಹಾಕಿದ ಹಸಿರು ಎಸಳೊಂದು ಸಿಕ್ಕರೆ ಅಂಗೈ ಮೇಲೆ ಇಟ್ಟು ನೋಡಿ. ಗಂಟು ಗಂಟಾದ ಅಡ್ಡ ಕಾಂಡ, ಅದರ ಕೆಳಗೆ ದಾರದಂಥ ಬೇರು, ಮೇಲೆ ಪಟ್ಟಿಯಂಥ ಎಲೆ ಇದ್ದರೆ ಅದು ಕಡಲಹುಲ್ಲು. ಪಾಚಿಗೆ ನಿಜವಾದ ಬೇರಿಲ್ಲ, ಹೂವೂ ಇಲ್ಲ. ಕಡಲಹುಲ್ಲು ನೀರಿನೊಳಗೇ ಹೂ ಬಿಡುತ್ತದೆ, ಎಷ್ಟು ಚೆಂದ ಅಲ್ವಾ! ಎಲ್ಲದರ ಎಲೆಯೂ ಉದ್ದ ಇರುವುದಿಲ್ಲ, ಹ್ಯಾಲೋಫಿಲಾ ಓವಾಲಿಸ್ ಅನ್ನೋ ಜಾತಿಯ ಕಡಲಹುಲ್ಲಿನದ್ದು ಪುಟ್ಟ ಮೊಟ್ಟೆಯಾಕಾರದ್ದು.

ಬೆಳೆದು ನಿಂತದ್ದನ್ನು ಮಾತ್ರ ದಯವಿಟ್ಟು ಕೀಳಬೇಡಿ, ತುಳಿಯಲೂ ಬೇಡಿ. ಆ ಬೇರುಗಳೇ ಮರಳನ್ನು ಹಿಡಿದಿಡುವುದು, ಮೀನುಮರಿ, ಸಿಗಡಿ, ಏಡಿ ಅಡಗಿಕೊಂಡು ಬೆಳೆಯುವುದೂ ಅದೇ ಹುಲ್ಲಿನ ಸಂದಿಯಲ್ಲಿ. ದೋಣಿಯಲ್ಲಿ ಹೋದರೆ ಆಳ ಕಮ್ಮಿ ಇರುವ ಕಡೆ ಮೋಟರ್ ಎತ್ತಿಕೊಳ್ಳಲು ಹೇಳಿ, ಲಂಗರನ್ನು ಬರೀ ಮರಳಿನಲ್ಲೇ ಹಾಕಿಸಿ. ತಿಳಿನೀರಲ್ಲಿ ಹುಲ್ಲಿನ ನಡುವೆ ಬೋಳು ಗೆರೆ ಕಂಡರೆ ಗಮನವಿಟ್ಟು ನೋಡಿ, ಡ್ಯೂಗಾಂಗ್ ಅನ್ನೋ ಕಡಲಹಸು ಬೇರುಸಮೇತ ಮೇಯ್ದುಕೊಂಡು ಹೋದ ಜಾಡು ಅದಾಗಿರಬಹುದು. ಈ ಡ್ಯೂಗಾಂಗ್‌ಗಾಗಿಯೇ ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರ್ ಕಡಲನ್ನು ಸಂರಕ್ಷಿತ ಪ್ರದೇಶ ಮಾಡಿತು.